ನಲವತ್ತು ನಿಮಿಷ ಕದಲದೆ ಕೂತ ಅತ್ತೆ

ನನ್ನ ಸೋದರಮಾವ ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದರು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಸತ್ತವರ ಫೋಟೋಗೆ ಚೌಕಟ್ಟು, ಇಷ್ಟು ಅವರ ಕಸುಬು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಎಲ್ಲರೂ ಕಲರ್ ಫೋಟೋ ಕೇಳತೊಡಗಿದರು. ಮಾವ ಫ್ಲ್ಯಾಶ್ ಇರುವ ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ನನ್ನ ಕೈಗೆ ಕೊಟ್ಟರು. ಉಳಿದುಹೋದ ಕಪ್ಪುಬಿಳುಪು ಫಿಲಂ ರೋಲುಗಳನ್ನೂ ಒಂದು ಬಿಸ್ಕತ್ ಡಬ್ಬಿಯಲ್ಲಿ ತುಂಬಿ ಕೊಟ್ಟರು.

ಅದು ಒಂದರ ಮೇಲೊಂದು ಎರಡು ಲೆನ್ಸ್ ಇರುವ ಪೆಟ್ಟಿಗೆ. ಹೊಟ್ಟೆಯ ಮುಂದೆ ಹಿಡಿದುಕೊಂಡು ಮೇಲಿನಿಂದ ಬಗ್ಗಿ ನೋಡಬೇಕು. ಒಳಗಿನ ಸ್ಪ್ರಿಂಗ್ ಹೋಗಿ ಷಟರಿನ ವೇಗಗಳೆಲ್ಲ ಕೆಟ್ಟಿದ್ದವು. ಕೆಲಸ ಮಾಡುತ್ತಿದ್ದದ್ದು 'ಬಿ' ಎಂದು ಬರೆದಿದ್ದ ಒಂದು ಗುರುತು ಮಾತ್ರ. ಅಲ್ಲಿಗೆ ತಿರುಗಿಸಿಟ್ಟರೆ, ಗುಂಡಿ ಒತ್ತಿಹಿಡಿದಷ್ಟು ಹೊತ್ತೂ ಷಟರ್ ತೆರೆದೇ ಇರುತ್ತದೆ. ಹಗಲಿನಲ್ಲಿ ಹಾಗೆ ತೆರೆದರೆ ಬೆಳಕು ನುಗ್ಗಿ ಫಿಲಂ ಹಾಳು. ಹಾಗಾದರೆ ಇದರಲ್ಲಿ ಏನು ತೆಗೆಯುವುದು ಎಂದು ಕೇಳಿದೆ. ರಾತ್ರಿ ತೆಗಿ ಅಂದರು. ತಮಾಷೆಗೆ ಹೇಳಿದರೋ ಏನೋ, ನಾನು ಹಾಗೇ ಮಾಡಿದೆ.

ಆಗ ನಾನು ಹನ್ನೆರಡನೇ ತರಗತಿ ಮುಗಿಸಿ, ಟೈಪಿಂಗ್ ಕಲಿತು, ಈರೋಡಿನ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ ಎರಡು ವರ್ಷವಾಗಿತ್ತು. ಅಲ್ಲಿಂದ ಕಾಗದ ಬರುವವರೆಗೆ ನನಗಿದ್ದ ಕೆಲಸವೆಂದರೆ ಕಾಯುವುದು. ಷಟರ್ ತೆರೆದಿಟ್ಟು ಕೂರುವುದು ಅದಕ್ಕೆ ಹೋಲಿಸಿದರೆ ಬೇಗ ಮುಗಿಯುವ ಕೆಲಸ.

ಮೊದಲ ರೋಲಿನಲ್ಲಿ ಏನೂ ಬರಲಿಲ್ಲ. ಎರಡನೆಯದರಲ್ಲಿ ನಮ್ಮ ಮನೆಯ ಮುಂದಿನ ಬೀದಿದೀಪ ಮಾತ್ರ ಬಂತು, ಅದೂ ಒಡೆದ ಮೊಟ್ಟೆಯ ಹಾಗೆ. ಮಾವ ಸ್ಟುಡಿಯೋ ಹಿಂದಿನ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದು, ಬೆಳಕಿಗೆ ಹಿಡಿದು ನೋಡಿ, ಬೈಯದೆ ಪಾಠ ಹೇಳಿದರು. ಬೆಳದಿಂಗಳಿಗೆ ತೆಗಿ, ಆದರೆ ಹುಣ್ಣಿಮೆ ಬೇಡ, ನಕ್ಷತ್ರ ಮಂಕಾಗ್ತವೆ. ಅಷ್ಟಮಿ ಚಂದ್ರ ಸಾಕು. ಲೆನ್ಸ್ ಪೂರಾ ತೆರೆದು ನಲವತ್ತು ನಿಮಿಷ ಬಿಡು. ಲೆಕ್ಕದ ಪ್ರಕಾರ ಅಷ್ಟು ಬೇಕಾಗಿಲ್ಲ, ಆದರೆ ಕತ್ತಲಲ್ಲಿ ಫಿಲಂಗೂ ದಣಿವಾಗ್ತದೆ ಅಂದರು.

ನಲವತ್ತು ನಿಮಿಷದ ಮೊದಲ ಪ್ರಯೋಗ ಅಪ್ಪನ ಮೇಲೆ ನಡೆಯಿತು. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಐದು ನಿಮಿಷ ಕೂತ. ಆಮೇಲೆ ಕೆರೆದುಕೊಂಡ, ಕೊಟ್ಟಿಗೆ ಕಡೆ ತಿರುಗಿದ, ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದು ಏನೂ ಆಗಿಲ್ಲವೆಂಬಂತೆ ಮತ್ತೆ ಕೂತ, ಬೀಡಿ ಹಚ್ಚಿದ. ಪ್ರಿಂಟಿನಲ್ಲಿ ಕುರ್ಚಿ ಸ್ಪಷ್ಟವಾಗಿ ಬಂದಿತ್ತು. ಅಪ್ಪನಿರಬೇಕಾದ ಕಡೆ ಹೊಗೆಯಂಥದ್ದೇನೋ ಇತ್ತು, ಅದರ ಮಧ್ಯೆ ಬೀಡಿಯ ಕಿಡಿ ಅಂಕುಡೊಂಕು ಗೆರೆ ಎಳೆದಿತ್ತು. ಅವ್ವ ಅದನ್ನು ನೋಡಿ, ಇವರು ಮನೇಲಿರೋದೇ ಹಿಂಗೆ ಅಂದಳು.

ಊರೊಳಗೆ ಬೀದಿದೀಪದ ಕಾಟ. ಹಾಗಾಗಿ ಹೊಲಕ್ಕೆ ಹೋಗಬೇಕಾಯಿತು. ಆ ವರ್ಷಗಳಲ್ಲಿ ನಮ್ಮ ಸುತ್ತಿನ ಕಾಡಿನಲ್ಲಿ ಕಾಡುಗಳ್ಳನಿಗಾಗಿ ಪೊಲೀಸರ ಹುಡುಕಾಟ ನಡೆಯುತ್ತಿತ್ತು. ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ರಾತ್ರಿ ಹೊತ್ತು ನಡೆಯಬೇಡ, ದೂರದಿಂದ ಅದು ಬೇರೇನೋ ಥರ ಕಾಣ್ತದೆ ಎಂದು ಮಾವ ಹೇಳಿದ್ದರಿಂದ, ಬದುವಿನ ಕಲ್ಲಿನ ಮೇಲೆ ಅರ್ಧ ಚೀಲ ಮರಳಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸುವುದನ್ನು ಕಲಿತೆ. ಒಮ್ಮೆ ಪೊಲೀಸರು ಜೀಪು ನಿಲ್ಲಿಸಿ ಚೀಲದಲ್ಲಿ ಏನು ಎಂದು ತಮಿಳಿನಲ್ಲಿ ಕೇಳಿದರು. ಮರಳು ಅಂದೆ. ಕೈಯಲ್ಲಿ? ಕ್ಯಾಮೆರಾ. ಅವರಲ್ಲೊಬ್ಬ ಹಾಗಾದರೆ ನಮ್ಮದೊಂದು ಫೋಟೋ ತೆಗಿ ಅಂದ. ನಲವತ್ತು ನಿಮಿಷ ಅಲುಗದೆ ನಿಲ್ಲಬೇಕು ಸಾರ್ ಅಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಹೋದರು.

ನಮ್ಮೂರು ಪಣಕಹಳ್ಳಿ. ಹೊಲ ಅಲ್ಲಿಂದ ಕಾಡಿನ ಕಡೆಗೆ ಅರ್ಧ ಮೈಲಿ. ಆಚೆ ಒಂದು ಹಳ್ಳ, ಹಳ್ಳದಾಚೆ ತಾಳಮಲೆ ಕಡೆಯ ಗುಡ್ಡ. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ, ಹಂದಿ ಇಳಿಯುತ್ತವೆ. ಕಾಯಲು ನಾಲ್ಕು ಕಂಬದ ಮೇಲೆ ಆಳೆತ್ತರಕ್ಕೆ ಅಟ್ಟಣೆ ಕಟ್ಟಿದ್ದೆವು. ಅಲ್ಲಿ ಮಲಗುತ್ತಿದ್ದವಳು ನನ್ನ ಅತ್ತೆ, ಅಪ್ಪನ ಅಕ್ಕ. ಮಲಗುತ್ತಿದ್ದವಳು ಅಂದದ್ದು ತಪ್ಪು, ಅವಳು ಮಲಗುತ್ತಿರಲಿಲ್ಲ.

ಅತ್ತೆ ಗಂಡ ತೀರಿಕೊಂಡ ಮೇಲೆ, ನಾನು ಹುಟ್ಟುವುದಕ್ಕೂ ಮೊದಲೇ, ತವರಿಗೆ ಬಂದವಳು. ಬಂದ ವರ್ಷವೇ ಹೊಲ ಕಾಯುವುದನ್ನು ತಾನೇ ಕೇಳಿ ತೆಗೆದುಕೊಂಡಳಂತೆ. ಹೆಂಗಸರು ಅಟ್ಟಣೆ ಕಾಯುವುದು ನಮ್ಮ ಕಡೆ ಇಲ್ಲ. ಮೊದಮೊದಲು ಊರಿನವರು ಆಡಿಕೊಂಡರು. ಅಕ್ಕಪಕ್ಕದ ಹೊಲಗಳಿಗೆಲ್ಲ ಆನೆ ಬಿದ್ದು ನಮ್ಮದೊಂದು ಉಳಿದ ಮೇಲೆ ಆಡಿಕೊಳ್ಳುವುದನ್ನು ನಿಲ್ಲಿಸಿ, ತಮ್ಮ ಹೊಲದ ಕಡೆಗೂ ಒಂದು ಕಿವಿ ಇಟ್ಟಿರವ್ವ ಎಂದು ಹೇಳಿ ಹೋಗತೊಡಗಿದರು.

ಅವಳ ಫೋಟೋ ಒಂದೂ ಇರಲಿಲ್ಲ. ಮಾವನ ಸ್ಟುಡಿಯೋಗೆ ಬಾ ಎಂದು ಕರೆದರೆ ಬರುತ್ತಿರಲಿಲ್ಲ. ಅಟ್ಟಣೆಯ ಮೇಲೇ ತೆಗೀತೀನಿ ಅಂದಾಗ ಬೇಡ ಅನ್ನಲಿಲ್ಲ. ಅವಳ ತಕರಾರಿದ್ದದ್ದು ಬೆಂಕಿಯ ಬಗ್ಗೆ ಮಾತ್ರ. ಅಟ್ಟಣೆಯ ಕೆಳಗೆ ರಾತ್ರಿಯೆಲ್ಲ ಒಂದು ಕೊರಡು ಉರಿಯುತ್ತಿರುತ್ತಿತ್ತು. ಅದರ ಬೆಳಕು ಲೆನ್ಸಿಗೆ ಹೊಡೆಯುತ್ತದೆ, ಆರಿಸಬೇಕು ಅಂದೆ.

"ಬೆಂಕಿ ಆರ್ಸಿ ಕೂತ್ರೆ ಆನೆಗೆ ಎಲೆ ಆಕಿ ಊಟಕ್ಕೆ ಕರ್ದಂಗೆ ಕಣ್ಲಾ," ಅಂದಳು.

ಒಂದು ಗಂಟೆಯೊಳಗೆ ಮತ್ತೆ ಹಚ್ಚಿಕೊಡುತ್ತೇನೆ ಎಂದು ಒಪ್ಪಿಸಿದೆ. ಕೊರಡಿನ ಮೇಲೆ ಮಣ್ಣು ಎಳೆದೆ. ಇಬ್ಬನಿ ಕೂರದಂತೆ ಲೆನ್ಸಿನ ಮೇಲೆ ರಟ್ಟಿನ ಸೂರು ಕಟ್ಟಿದೆ. ಅತ್ತೆ ಕಂಬಳಿ ಹೊದ್ದು, ಕಾಲು ಇಳಿಬಿಟ್ಟು, ಅಟ್ಟಣೆಯ ಅಂಚಿನಲ್ಲಿ ಕೂತಳು. ಅರ್ಧ ಚಂದ್ರ ನನ್ನ ಎಡಕ್ಕಿತ್ತು. ನಾನು ಕೈ ಎತ್ತುವವರೆಗೂ ಕದಲಬೇಡ ಎಂದು ಹೇಳಿದೆ. ಸರಿ ಅಂದಳು. ರಾತ್ರಿ ಒಂಬತ್ತಕ್ಕೆ ಷಟರ್ ತೆರೆದು, ಗುಂಡಿಯನ್ನು ಒತ್ತಿಹಿಡಿಯುವ ವೈರಿನ ತುದಿಯ ತಿರುಪು ಬಿಗಿ ಮಾಡಿ, ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ.

ಅರ್ಧ ಗಂಟೆ ಕಳೆದಿರಬೇಕು. ಅತ್ತೆ ತುಟಿ ಮಾತ್ರ ಆಡಿಸಿ ಮೆಲ್ಲಗೆ ಹೇಳಿದಳು.

"ಆನೆ ಬಂದವೆ. ಮಾತಾಡಬ್ಯಾಡ."

ಎಲ್ಲಿ ಎಂದು ಪಿಸುಗುಟ್ಟಿದೆ.

"ಅಳ್ಳದ ತಾವು. ಮೂರವೆ. ಒಂದು ಮರಿ."

ನನಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಆಮೇಲೆ ಯಾವುದೋ ಒಂದು ಕಡ್ಡಿ ಮುರಿದ ಸದ್ದಾಯಿತು. ಪ್ರಾಣಿ ಓಡಿಸಲು ಬಡಿಯುವ ಡಬ್ಬ ಪಕ್ಕದಲ್ಲೇ ಇತ್ತು, ಅದಕ್ಕೆ ಕೈ ಹಾಕಿದೆ.

"ಬುಡು ಅದ. ನೀರ್ಗೆ ಓಯ್ತಾವೆ, ನಮ್ ತಾವ್ಕಲ್ಲ. ಗದ್ಲ ಮಾಡುದ್ರೆ ಇತ್ಲಾಗೆ ತಿರುಗ್ತವೆ."

ಡಬ್ಬ ಬಿಟ್ಟೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಎರಡು ವಿಷಯಗಳಿದ್ದವು. ಒಂದು ಆನೆ, ಇನ್ನೊಂದು ಷಟರ್ ಮುಚ್ಚಲು ಬಾಕಿಯಿದ್ದ ಎಂಟು ನಿಮಿಷ. ನಿಜ ಹೇಳಬೇಕೆಂದರೆ ನಾನು ಹೆಚ್ಚು ಯೋಚಿಸಿದ್ದು ಎರಡನೆಯದರ ಬಗ್ಗೆ. ಕೈಗಡಿಯಾರದ ಹೊಳೆಯುವ ಹಸಿರು ಮುಳ್ಳನ್ನೇ ನೋಡುತ್ತ ಕೂತೆ. ನಲವತ್ತಕ್ಕೆ ತಿರುಪು ಸಡಿಲಿಸಿದೆ. ಷಟರ್ ಮುಚ್ಚಿತು. ಎದ್ದು ನಿಂತು ಕೈ ಎತ್ತಿದೆ.

ಅತ್ತೆ ಕದಲಲಿಲ್ಲ.

ಆನೆಯಿನ್ನೂ ಹೋಗಿಲ್ಲವೇನೋ ಎಂದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತೆ. ಎರಡೂ ಕೈ ಎತ್ತಿದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಬೆಳದಿಂಗಳು ನನ್ನ ಮೇಲೆ ಬೀಳುವ ಕಡೆ ನಿಂತು, ಬಸ್ಸು ನಿಲ್ಲಿಸುವವನ ಹಾಗೆ ಬೀಸಿದೆ. ಅವಳ ಕಣ್ಣು ತೆರೆದೇ ಇತ್ತು, ಮುಖ ನೇರ ನನ್ನ ಕಡೆಗೇ ಇತ್ತು. ಅವಳು ನೋಡುತ್ತಿಲ್ಲ ಎಂದು ನನಗೆ ಹೊಳೆಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

"ಅತ್ತೆ," ಅಂದೆ.

"ಆಯ್ತಾ? ಕೈ ಎತ್ತುದ್ಯಾ?"

"ಎರಡೂ ಎತ್ತಿದ್ದೀನಿ."

ಅವಳು ಕಂಬಳಿ ಸರಿ ಮಾಡಿಕೊಂಡಳು. "ಎಸ್ಟೊತ್ತಾಯ್ತು ಎತ್ತಿ?" ಎಂದು ಕೇಳಿದಳು.

ಬೆಂಕಿ ಮತ್ತೆ ಹಚ್ಚಿದ ಮೇಲೆ ಹೇಳಿದಳು. ಕಣ್ಣು ಹೋಗುತ್ತ ಬಂದು ಮೂರು ವರ್ಷವಾಗಿತ್ತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಹಗಲಿನಲ್ಲಿ ಎಣ್ಣೆ ಕಾಗದದ ಹಿಂದಿನಿಂದ ನೋಡಿದಂತೆ ಆಕಾರ ಕಾಣುತ್ತಿತ್ತು, ರಾತ್ರಿ ಏನೂ ಇಲ್ಲ. ದಾರಿ ಕಾಲಿಗೆ ಗೊತ್ತಿತ್ತು, ಜನ ದನಿಯಿಂದ ಗೊತ್ತಾಗುತ್ತಿದ್ದರು. ಸೂಜಿಗೆ ದಾರ ಹಾಕಿಕೊಡಲು ನಮ್ಮನ್ನು ಕರೆಯುತ್ತಿದ್ದಳು, ಅದು ವಯಸ್ಸಾದ ಎಲ್ಲರೂ ಮಾಡುವುದೇ. ಮೂರು ಸುಗ್ಗಿ ನಮ್ಮ ಇಡೀ ಮನೆ ಒಬ್ಬ ಕುರುಡಿಯ ಕಾವಲಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಿತ್ತು. ರಾಗಿಗೆ ಏನೂ ಆಗಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏಳುದ್ರೆ ಮನೇಲಿ ಮೂಲೇಲಿ ಕೂರುಸ್ತರೆ. ಅಲ್ಲಿ ನಾನು ನಿಮ್ಮಪ್ಪನ ಅಕ್ಕ, ತವರ್ಗೆ ಬಂದೋಳು. ಇಲ್ಲಿ ಒಲ ಕಾಯೋಳು. ಕಣ್ ಇರೋರೆಲ್ಲ ಮಲಗ್ತರೆ ಮೊಗ, ನಾನು ಮಲಗಕಿಲ್ಲ. ಯಾರ್ಗೂ ಏಳಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬೆಳಿಗ್ಗೆ ಹಳ್ಳದ ತಾವು ಹೋಗಿ ನೋಡಿದೆ. ಹಸಿ ಮಣ್ಣಿನಲ್ಲಿ ಎರಡು ದೊಡ್ಡ ಆನೆಯ ಹೆಜ್ಜೆ, ಊಟದ ತಟ್ಟೆಯಷ್ಟಗಲದ ಒಂದು ಮರಿಯ ಹೆಜ್ಜೆ. ನೀರಿಗೆ ಹೋಗಿ, ಬಂದ ದಾರಿಯಲ್ಲೇ ವಾಪಸಾಗಿದ್ದವು.

ರೋಲನ್ನು ಮಾವನಿಗೆ ಕೊಟ್ಟು ಬಂದೆ. ವಾರ ಬಿಟ್ಟು ಹೋದಾಗ ಅವರು ಪ್ರಿಂಟ್ ಹಾಕಿ ಒಣಗಲು ತೂಗುಹಾಕಿದ್ದರು. ನಕ್ಷತ್ರಗಳೆಲ್ಲ ಸಣ್ಣ ಸಣ್ಣ ಬಾಗಿದ ಗೀಟುಗಳಾಗಿದ್ದವು. ಗುಡ್ಡ, ರಾಗಿ, ಅಟ್ಟಣೆಯ ಕಂಬ ಎಲ್ಲ ಹಗಲಿನಂತೆ ಬಂದಿದ್ದವು, ಆದರೆ ಅಂಥ ಹಗಲು ಯಾವತ್ತೂ ಇರುವುದಿಲ್ಲ. ನಡುವೆ ಅತ್ತೆ. ಕಂಬಳಿಯ ಅಂಚು, ಇಳಿಬಿಟ್ಟ ಪಾದ, ಮೂಗುಬೊಟ್ಟು, ಯಾವುದೂ ಮಸುಕಾಗಿರಲಿಲ್ಲ. ಅಂಥದ್ದು ನನ್ನ ಕೈಯಿಂದ ಬಂತೆಂದು ನನಗೆ ಹೆಮ್ಮೆಯಾಯಿತು.

ಮಾವ ಹೊಗಳಲಿಲ್ಲ. ನೆಗೆಟಿವ್ ತಿದ್ದಲು ಬಳಸುವ ಭೂತಗಾಜನ್ನು ಪ್ರಿಂಟಿನ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಮೂವತ್ತೊರ್ಸದಿಂದ ಜನಾನ ಕೂರುಸ್ತಾ ಇವ್ನಿ. ಕಣ್ ಕಾಣೋರು ಇಂಗೆ ಕೂರಕಾಗಕಿಲ್ಲ," ಅಂದರು. "ಎದ್ರಿಗೆ ಏನಾರ ಅಲ್ಲಾಡುದ್ರೆ ಕತ್ತು ಅತ್ಲಾಗೆ ಓಗೇ ಓಯ್ತದೆ. ಇವ್ಳಿಗೆ ಯಾವಾಗಿಂದ ಕಾಣ್ತಿಲ್ಲ?"

ನಾನು ಉತ್ತರ ಕೊಡಲಿಲ್ಲ. ಮಾತು ಉಳಿಸಿಕೊಂಡೆ ಎಂದು ಆಗ ನನಗೆ ಅನ್ನಿಸಿತು. ಹೌದು ಎಂದು ಹೇಳುವುದಕ್ಕೂ ಬಾಯಿ ಮುಚ್ಚಿ ನಿಲ್ಲುವುದಕ್ಕೂ ಮಾವನ ಮಟ್ಟಿಗೆ ವ್ಯತ್ಯಾಸವಿರಲಿಲ್ಲ. ಮುಂದಿನ ತಿಂಗಳು ತಾಳವಾಡಿ ಶಾಲೆಯಲ್ಲಿ ಕಣ್ಣಿನ ಮುಗಾಮಿದೆ ಅಂದರು. ಶಿಬಿರವನ್ನು ನಮ್ಮ ಕಡೆ ತಮಿಳಿನಲ್ಲೇ ಮುಗಾಮು ಅನ್ನುವುದು. ಮರುದಿನ ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದು, ಪ್ರಿಂಟನ್ನು ಅವ್ವನ ಕೈಗಿಟ್ಟು, ವಿಷಯ ಹೇಳಿ, ಕಾಫಿ ಕುಡಿದು ಹೋದರು.

ಅಪ್ಪ ಅತ್ತೆಯನ್ನು ಬೈಯಲಿಲ್ಲ. ಮೂರು ವರ್ಷ ಅವಳು ಕತ್ತಲಲ್ಲಿ ಒಬ್ಬಳೇ ಏಣಿ ಹತ್ತಿ ಇಳಿದದ್ದನ್ನು ನೆನೆದು, ಗೊತ್ತಾದ ಮೇಲೂ ಬಾಯಿ ಬಿಡದ ನನ್ನನ್ನು ಬೈದ. ಅವತ್ತು ಸಂಜೆ ತಾನೇ ಕಂಬಳಿ ಎತ್ತಿಕೊಂಡು ಹೊಲಕ್ಕೆ ಹೋದ. ಅತ್ತೆ ಜಗುಲಿಯ ಮೇಲೆ ಕೂತಳು. ನಾನು ಹತ್ತಿರ ಹೋಗಿ, ನಾನು ಹೇಳಲಿಲ್ಲ ಅತ್ತೆ, ಮಾವನೇ ಕಂಡುಹಿಡಿದರು ಅಂದೆ. ಅವಳು ಮುಖವನ್ನು ಬೇರೆ ಕಡೆ ತಿರುಗಿಸಿದಳು. ಕಾಣದಿದ್ದರೂ ಹಾಗೆ ತಿರುಗಿಸಿದ್ದು ನನಗೆ ಬೈಗುಳಕ್ಕಿಂತ ಜಾಸ್ತಿ ತಟ್ಟಿತು. ನಾಲ್ಕೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಫೋಟೋ ತೆಗೆಯಲೇಬಾರದಿತ್ತು ಅನ್ನಿಸಿತು. ತೆಗೆದದ್ದು ಚೆನ್ನಾಗಿ ಬಂದಿದೆ ಎಂದೂ ಅನ್ನಿಸುತ್ತಲೇ ಇತ್ತು.

ಅಪ್ಪ ಕಾವಲಿಗೆ ಹೋದ ಮೂರನೆಯ ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೆ ಅತ್ತೆ ಜಗುಲಿಯಿಂದ ಕರೆದಳು. ಹೊಲಕ್ಕೆ ಹಂದಿ ಬಿದ್ದಿವೆ, ಎದ್ದು ಹೋಗ್ರಪ್ಪ ಅಂದಳು. ಅರ್ಧ ಮೈಲಿ ದೂರ. ಅವ್ವ ನಂಬಲಿಲ್ಲ, ನಾನು ನಂಬಿ ಟಾರ್ಚ್ ಹಿಡಿದು ಓಡಿದೆ. ಹದಿನೈದಿಪ್ಪತ್ತು ಹಂದಿ ರಾಗಿಯೊಳಗಿದ್ದವು. ಅಟ್ಟಣೆಯ ಮೇಲೆ ಅಪ್ಪ ಗೊರಕೆ ಹೊಡೆಯುತ್ತಿದ್ದ. ಹಂದಿಗಳು ಅದಕ್ಕೆ ಒಗ್ಗಿಕೊಂಡಂತಿತ್ತು.

ಬೆಳಿಗ್ಗೆ ಅಪ್ಪ ಜಗುಲಿಯ ಮುಂದೆ ಬಂದು ನಿಂತ. ಅಕ್ಕನನ್ನು ಬೇಡಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

"ಅಕ್ಕ, ಕುಯ್ಲಾಗೋಗಂಟ ನೀನೇ ಓಗು. ಕುಯ್ಲಾದ್ ಮ್ಯಾಲೆ ಕಣ್ಣು ತೋರ್ಸು," ಅಂದ.

ಅತ್ತೆ ತಕ್ಷಣ ಒಪ್ಪಲಿಲ್ಲ. ಕಣ್ಣು ಸರಿಹೋದ ಮೇಲೂ ಅಟ್ಟಣೆ ತನ್ನದೇ ಎಂದು ಒಪ್ಪಿಸಿಕೊಂಡಳು. ರಾತ್ರಿ ಏಣಿ ಹತ್ತಿಸಿ ಇಳಿಸಲು ನಾನು ಜೊತೆಗಿರಬೇಕೆಂದು ಅಪ್ಪನ ಷರತ್ತು. ಹೀಗೆ ಕುಯ್ಲಿನವರೆಗೂ ನಾನು ಅಟ್ಟಣೆಯ ಕೆಳಗೆ ಮಲಗಿದೆ. ಎರಡನೆಯ ರಾತ್ರಿ ಅವಳೇ, ಬೆಂಕಿಗೆ ಒಂದು ಕೊಳ್ಳಿ ದಬ್ಬು ಅಂದಳು. ನಮ್ಮಿಬ್ಬರ ಮಾತು ಮತ್ತೆ ಶುರುವಾದದ್ದು ಅಲ್ಲಿಂದ.

ಮುಗಾಮಿನ ದಿನ ಶಾಲೆಯ ಜಗುಲಿಯಲ್ಲಿ ಸಾಲಾಗಿ ಕೂರಿಸಿ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಪೊರೆ, ಪೂರಾ ಹಣ್ಣಾಗಿದೆ, ಯಾಕೆ ಇಷ್ಟು ದಿನ ಬಿಟ್ಟಿರಿ ಎಂದು ಡಾಕ್ಟರು ಕೇಳಿದರು. ರಾಗಿ ಇತ್ತು ಸಾರ್ ಎಂದು ಅತ್ತೆ ತಮಿಳಿನಲ್ಲಿ ಹೇಳಿದಳು. ಅಲ್ಲಿಂದಲೇ ಬಸ್ಸಿನಲ್ಲಿ ಘಾಟಿ ಇಳಿಸಿ ಕೆಳಗಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೊತೆಗೆ ನಾನು. ಘಾಟಿಯ ತಿರುವುಗಳಲ್ಲಿ ಬಸ್ಸಿನ ಅರ್ಧ ಜನ ವಾಂತಿ ಮಾಡಿಕೊಂಡರು. ಅತ್ತೆ ಅಟ್ಟಣೆಯ ಮೇಲೆ ಕೂತ ಹಾಗೇ ಕೂತಿದ್ದಳು, ಆದರೆ ನನ್ನ ಮಣಿಕಟ್ಟನ್ನು ಹಿಡಿದ ಕೈಯನ್ನು ಕೊನೆಯ ತಿರುವಿನವರೆಗೂ ಬಿಡಲಿಲ್ಲ.

ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿ, ಎದುರಿಗೆ ಯಾರಿದ್ದಾರೆ ಎಂದು ನರ್ಸಮ್ಮ ಕೇಳಿದರು. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇಸ್ಟು ಸಣ್ಕಿದ್ದೀಯಾ? ದನಿ ಕೇಳಿ ಮೈ ಕೈ ತುಂಬ್ಕಂಡವ್ನೆ ಅಂತಿದ್ದೆ," ಅಂದಳು.

ಊರಿಗೆ ಬಂದ ಮೇಲೆ ಫೋಟೋ ತೋರಿಸಿದೆ. ಅಷ್ಟರಲ್ಲಿ ಅವ್ವ ಅದಕ್ಕೆ ಚೌಕಟ್ಟು ಹಾಕಿಸಿದ್ದಳು. ಅತ್ತೆ ಅದನ್ನು ಅಂಗಳದ ಬಿಸಿಲಿಗೆ ತೆಗೆದುಕೊಂಡು ಹೋಗಿ, ಹತ್ತಿರ ದೂರ ಹಿಡಿದು ನೋಡಿದಳು. ಎಡಗಡೆಯ ಕಂಬ ವಾಲಿದೆ, ಯಾರೂ ನನಗೆ ಹೇಳಲೇ ಇಲ್ಲ ಎಂದು ಮೊದಲು ಅಪ್ಪನಿಗೆ ಕೂಗಿ ಹೇಳಿದಳು. ಆಮೇಲೆ ಆಕಾಶದ ಗೀಟುಗಳ ಮೇಲೆ ಬೆರಳಿಟ್ಟು ಇವೇನು ಎಂದು ಕೇಳಿದಳು. ನಕ್ಷತ್ರ, ನಲವತ್ತು ನಿಮಿಷದಲ್ಲಿ ಅಷ್ಟು ದೂರ ಹೋಗಿವೆ ಅಂದೆ.

"ಅವು ತಿರುಗ್ತಾ ಇದ್ದೊ, ನನ್ನ ಮಾತ್ರ ಕದಲಬ್ಯಾಡ ಅಂದೆ," ಅಂದಳು. ಚೌಕಟ್ಟನ್ನು ಗೋಡೆಗೆ ಹಾಕಲು ಬಿಡದೆ ತನ್ನ ಟ್ರಂಕಿನಲ್ಲಿ, ಸೀರೆಗಳ ಮಧ್ಯೆ, ಮುಖ ಮೇಲಾಗಿಟ್ಟಳು.

ಮುಂದಿನ ಸುಗ್ಗಿಗೆ ಕನ್ನಡಕ ಹಾಕಿಕೊಂಡು ಅಟ್ಟಣೆ ಹತ್ತಿದಳು. ಮೊದಲ ವಾರ ನಾಲ್ಕು ಸಲ ಡಬ್ಬ ಬಡಿದು ಊರನ್ನು ಎಬ್ಬಿಸಿದಳು. ಒಂದು ಸಲ ಅದು ಕಳ್ಳಿ ಗಿಡ. ಒಂದು ಸಲ ಪಕ್ಕದ ಹೊಲದವರ ಎತ್ತು. ಇನ್ನೊಂದು ಸಲ ಮೋಡದ ನೆರಳು. ನಾಲ್ಕನೆಯದು ಟೀವಿಎಸ್ ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ತಡವಾಗಿ ಬರುತ್ತಿದ್ದ ಒಬ್ಬ ಮನುಷ್ಯ. ಅವನು ಆಮೇಲೆ ಬಹಳ ದಿನ ಆ ದಾರಿಯಲ್ಲಿ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಸುಳ್ಳು ಕೂಗು ಹಾಕದವಳ ಬಗ್ಗೆ ಊರಿನವರು ಪಿಸುಗುಟ್ಟತೊಡಗಿದರು.

"ಕಣ್ಣು ಎಲ್ಲಾನೂ ಆನೆ ಅಂತದೆ. ಕಿವಿಗೆ ಕೇಳಕ್ಕೇ ಬುಡಕಿಲ್ಲ," ಎಂದು ಅತ್ತೆ ನನಗೆ ಹೇಳಿದಳು.

ಎಂಟನೆಯ ದಿನದಿಂದ ಸಂಜೆ ಅಟ್ಟಣೆ ಹತ್ತಿದ ಕೂಡಲೇ ಕನ್ನಡಕ ತೆಗೆದು, ಡಬ್ಬಿಯಲ್ಲಿಟ್ಟು, ಕಂಬಕ್ಕೆ ತೂಗುಹಾಕತೊಡಗಿದಳು. ಅಲ್ಲಿಗೆ ಸುಳ್ಳು ಕೂಗು ನಿಂತಿತು. ಬೆಳಗಾದ ಮೇಲೆ ಅದನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು ಮನೆಗೆ ಹೊರಡುತ್ತಿದ್ದಳು. ಹತ್ತು ನಿಮಿಷದ ದಾರಿಗೆ ಅವಳಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಯಾರ ಜೋಳದಲ್ಲಿ ಕಳೆ ಕಿತ್ತಿಲ್ಲ, ಯಾರ ಬೇಲಿ ಬಿದ್ದಿದೆ, ಯಾವ ಮನೆಗೆ ಹೊಸ ಸುಣ್ಣ ಹೊಡೆದಿದ್ದಾರೆ, ಎಲ್ಲವನ್ನೂ ನಿಂತು ನೋಡಿಕೊಂಡು, ಕಂಡವರಿಗೆ ಹೇಳಿಕೊಂಡು ಬರುತ್ತಿದ್ದಳು. ಅವ್ವ ಹಿಟ್ಟಿನ ಮುದ್ದೆಯನ್ನು ಒಲೆಯ ಪಕ್ಕ ಬಿಸಿಯಾಗಿ ಮುಚ್ಚಿಟ್ಟು ಕಾಯುತ್ತಿದ್ದಳು. ಯಾಕೆ ತಡ ಎಂದು ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ.